ಎಪ್ಪತ್ತೈದು ನಿಮಿಷದ ಮಹಾಶಯರು

ಮೈಸೂರಿನ ಪ್ರತಿ ಬಡಾವಣೆಯಲ್ಲೂ ಇಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಮದುವೆ ಮನೆಯ ಪಂಕ್ತಿಯಲ್ಲೋ ಯಾರಾದರೂ ‘ನಾಳೆ ಬೆಂಗಳೂರಿಗೆ ಹೋಗಬೇಕು’ ಎಂದು ಬಾಯಿ ಜಾರಿದರೆ ಸಾಕು, ‘ಅದೇನು ಮಹಾ, 75 ನಿಮಿಷ!’ ಎಂದು ತೀರ್ಪು ಬರುತ್ತದೆ. ಯಾವ ಕೆಲಸಕ್ಕೆ, ಯಾರ ಮನೆಗೆ ಎಂದು ಅವರು ಕೇಳುವುದಿಲ್ಲ. ಎಷ್ಟಕ್ಕೆ ಬಿಟ್ಟಿರಿ, ಎಷ್ಟಕ್ಕೆ ಮುಟ್ಟಿದಿರಿ, ಅಷ್ಟೇ. ಮೂರು ಗಂಟೆ ಹಿಡಿಯಿತು ಎಂದವರನ್ನು ಎತ್ತಿನ ಗಾಡಿಯಿಂದ ಇಳಿದವರಂತೆ ನೋಡುತ್ತಾರೆ.

ಈ 75 ನಿಮಿಷ ಅವರ ಸ್ವಂತ ಸೃಷ್ಟಿಯಲ್ಲ. 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ ಉದ್ಘಾಟನೆಯಾದಾಗ ಸರ್ಕಾರವೇ ಹೇಳಿದ ಮಾತು. ಲೆಕ್ಕ ಮಾಡಿ ನೋಡೋಣ. ಹೆದ್ದಾರಿಯ ಉದ್ದ ಸುಮಾರು 119 ಕಿ.ಮೀ.; ವೇಗದ ಮಿತಿ ಗಂಟೆಗೆ 100. ಒಮ್ಮೆಯೂ ಬ್ರೇಕ್ ಒತ್ತದೆ ಓಡಿದರೂ 71 ನಿಮಿಷ ಬೇಕು. ಟೋಲ್, ಪೆಟ್ರೋಲ್, ಮದ್ದೂರು ವಡೆ, ದೇಹಬಾಧೆ ಎಲ್ಲಕ್ಕೂ ಸೇರಿ ಉಳಿಯುವುದು ನಾಲ್ಕೇ ನಿಮಿಷ! ಅದೂ ಮೈಸೂರಿನ ಕೊಲಂಬಿಯಾ ಏಷಿಯಾ ಜಂಕ್ಷನ್‌ನಿಂದ ಕೆಂಗೇರಿ ಬಳಿಯ ನೈಸ್ ರಸ್ತೆವರೆಗೆ ಮಾತ್ರ. ಕುವೆಂಪುನಗರದಿಂದ ಆ ಜಂಕ್ಷನ್ ಮುಟ್ಟುವುದು, ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ತೆವಳುವುದು ಲೆಕ್ಕಕ್ಕೇ ಇಲ್ಲ. ಸಿಪ್ಪೆ, ಓಟೆ ತೆಗೆದು ಮಾವಿನಹಣ್ಣು ತೂಗಿದ ಹಾಗಾಯಿತು. ಬೈಕು, ಆಟೊಗಳಿಗಂತೂ 2023ರ ಆಗಸ್ಟ್‌ನಿಂದ ಮುಖ್ಯ ಪಥಕ್ಕೆ ಪ್ರವೇಶವೇ ಇಲ್ಲ. ಅವುಗಳ ಪಾಲಿಗೆ ಸರ್ವೀಸ್ ರಸ್ತೆ.

‘ಹಾಗಾದರೆ ವಿಮಾನ?’ ಎಂದು ಮಹಾಶಯರು ಪಟ್ಟು ಬದಲಿಸುತ್ತಾರೆ. ಊರಿಂದೂರಿಗೆ ನೇರ ಗೆರೆ ಎಳೆದರೆ 130 ಕಿ.ಮೀ. ಸಹ ಇಲ್ಲ, ನಿಜ. 2019ರಲ್ಲಿ ಉಡಾನ್ ಯೋಜನೆಯಡಿ ಮೈಸೂರು–ಬೆಂಗಳೂರು ವಿಮಾನ ಶುರುವಾಗಿದ್ದೂ ನಿಜ. ಆದರೆ ಮಂಡಕಳ್ಳಿ ನಿಲ್ದಾಣ ಇರುವುದು ನಂಜನಗೂಡು ರಸ್ತೆಯಲ್ಲಿ. ಬೆಂಗಳೂರಿಗೆ ಹೊರಟವರು ಮೊದಲು ಬೆಂಗಳೂರಿಗೆ ಬೆನ್ನು ಹಾಕಿ ಸುಮಾರು 10 ಕಿ.ಮೀ. ಹೋಗಬೇಕಿತ್ತು. ಆಮೇಲೆ ಬೆಂಗಳೂರನ್ನೇ ದಾಟಿ ದೇವನಹಳ್ಳಿಯಲ್ಲಿ ಇಳಿದು, ಮತ್ತೆ ಮೂವತ್ತೈದು ಕಿ.ಮೀ. ಹಿಂದಕ್ಕೆ ಬರಬೇಕಿತ್ತು. ತಪಾಸಣೆಗೆ ಮೊದಲೇ ಹೋಗಿ ಕಾಯುವ ಹೊತ್ತನ್ನೂ ಕೂಡಿಸಿದರೆ, ಆಕಾಶದಲ್ಲಿ ಉಳಿದದ್ದು ನೆಲದ ಮೇಲೆ ಕೈಬಿಟ್ಟುಹೋಯಿತು.

ಹಾಗಂತ ರಸ್ತೆಯಿಂದ ಏನೂ ಆಗಿಲ್ಲ ಎಂದರೆ ಅನ್ಯಾಯವಾದೀತು. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯಗಳ ಪೇಟೆಬೀದಿಯಲ್ಲಿ ನುಗ್ಗುವುದು ತಪ್ಪಿ ಪ್ರಯಾಣ ಖಂಡಿತ ಹಗುರಾಗಿದೆ. ಆದರೆ ಮಹಾಶಯರ ಹುಮ್ಮಸ್ಸಿಗೆ ಕಾರಣ ಇಷ್ಟೇ ಇರಲಾರದು. ಮೈಸೂರಿನ ಎಷ್ಟೋ ಮನೆಗಳಲ್ಲಿ ಈಗ ಹಿರಿಯರಿಬ್ಬರೇ. ಮಕ್ಕಳು ಮೊಮ್ಮಕ್ಕಳೆಲ್ಲ ಬೆಂಗಳೂರಲ್ಲಿ. ಮೂರು ಗಂಟೆ ಎಂದರೆ ‘ಮುಂದಿನ ವಾರ ನೋಡೋಣ’ ಎಂಬ ಉತ್ತರ ಸಿದ್ಧವಾಗಿರುತ್ತದೆ; 75 ನಿಮಿಷ ಎಂದರೆ ಭಾನುವಾರದ ಊಟಕ್ಕೆ ಬರಬಹುದೆಂಬ ಆಸೆ. ಗಡಿಯಾರದ ಲೆಕ್ಕದಲ್ಲಿ ಅವರು ಸೋತರೂ ಈ ಲೆಕ್ಕದಲ್ಲಿ ಅವರನ್ನು ಸೋಲಿಸುವ ಮನಸ್ಸು ಯಾರಿಗೆ ಬಂದೀತು? ಆದ್ದರಿಂದ ಓದುಗರಲ್ಲಿ ವಿನಂತಿ: ಅವರೊಡನೆ ವಾದಕ್ಕಿಳಿಯಬೇಡಿ, 75 ನಿಮಿಷವೇ ಎಂದು ಒಪ್ಪಿಬಿಡಿ. ದೇವನಹಳ್ಳಿಯಲ್ಲಿ ವಿಮಾನ ಹಿಡಿಯುವುದಿದ್ದರೆ ಮಾತ್ರ ಆರು ಗಂಟೆ ಮೊದಲೇ ಮನೆ ಬಿಡಿ.