ಬಾಣಂತಿ ಕೋತಿಗೆ ಬಳಕೆಯ ಕೈಪಿಡಿ

ಅಭಿನಂದನೆ. ಐದೂವರೆ ತಿಂಗಳು ಹೊತ್ತು ಒಂದು ಮರಿ ಹೆತ್ತಿದ್ದೀಯ. ಬರುವುದು ಸಾಮಾನ್ಯವಾಗಿ ಒಂದೇ. ವಾಪಸು ತೆಗೆದುಕೊಳ್ಳುವ ಪದ್ಧತಿಯಿಲ್ಲ. ಈ ಕೈಪಿಡಿ ಹಂಪಿಯ ಗೋಪುರದಿಂದ ಆಗುಂಬೆ ಘಾಟಿಯ ತಡೆಗೋಡೆವರೆಗೆ ಕೂತಿರುವ, ನೆತ್ತಿಗೆ ಬೈತಲೆ ತೆಗೆದ ಟೋಪಿ ಇಟ್ಟಂತೆ ಕೂದಲಿರುವ ನಿಮ್ಮ ಜಾತಿಗೆ ಮಾತ್ರ. ಮುಸುವಗಳಿಗಲ್ಲ, ಅವರ ಸಂಸಾರವೇ ಬೇರೆ.

ಹಿಡಿಯುವ ಕ್ರಮ: ಹಿಡಿಯಬೇಕಾದವಳು ನೀನಲ್ಲ, ಮರಿ. ಶ್ರೀವೈಷ್ಣವರು ಮರ್ಕಟ ಕಿಶೋರ ನ್ಯಾಯ ಹೇಳಿದ್ದು ನಿನ್ನ ಹೊಟ್ಟೆ ನೋಡಿಯೇ. ಮರಿ ಅವುಚಿಕೊಂಡರೆ ತಾಯಿ ಹೊತ್ತು ಹಾರುತ್ತಾಳೆ. ಬೆಕ್ಕಿನ ಹಾಗೆ ಕಚ್ಚಿಕೊಂಡು ಹೋಗುವುದಿಲ್ಲ. ಆದರೆ ಆಚಾರ್ಯರು ಬಾಣಂತನದ ಮೊದಲ ದಿನಗಳನ್ನು ನೋಡಿದಂತಿಲ್ಲ. ಆಗ ಮರಿಯ ಹಿಡಿತ ನಂಬುವಂಥದ್ದಲ್ಲ. ಒಂದು ಕೈ ಅದರ ಬೆನ್ನಿಗೆ ಕೊಟ್ಟು, ಉಳಿದ ಮೂರರಲ್ಲಿ ಕುಂಟುತ್ತ ನಡೆ.

ಆಹಾರ: ಹಾಲು. ಮರಿ ಕೆಲವೊಮ್ಮೆ ಎರಡೂ ತೊಟ್ಟುಗಳನ್ನು ಒಟ್ಟಿಗೇ ಬಾಯಿಗೆ ತುರುಕಿಕೊಳ್ಳುತ್ತದೆ, ದೋಷವಲ್ಲ. ಹಾಲು ಕುಡಿಯದಿದ್ದಾಗಲೂ ತೊಟ್ಟು ಬಿಡುವುದಿಲ್ಲ, ಅದೂ ದೋಷವಲ್ಲ. ತುತ್ತು ಮಾಡಿ, ಚಂದಮಾಮನ್ನ ತೋರಿಸಿ ಉಣಿಸುವ ರಗಳೆ ನಿನಗಿಲ್ಲ. ನೀನು ಅತ್ತಿಹಣ್ಣು ಅಗಿಯುವಾಗ ಮರಿ ನಿನ್ನ ತುಟಿಗೇ ಮೂಗು ತಾಗಿಸಿ ಮೂಸುತ್ತದೆ, ಉದುರಿದ ಚೂರು ಹೆಕ್ಕಿ ರುಚಿ ನೋಡುತ್ತದೆ. ಯಾವುದು ತಿನ್ನುವಂಥದ್ದು ಎಂಬ ಪಾಠ ಅಷ್ಟರಲ್ಲೇ ಮುಗಿಯಿತು. ಕೆನ್ನೆಚೀಲದಲ್ಲಿ ತುಂಬಿಟ್ಟ ಶೇಂಗಾ ನಿನ್ನದು, ಹಂಚಬೇಕಿಲ್ಲ. ಮನುಷ್ಯ ತಾಯಂದಿರು ಹುಬ್ಬೇರಿಸಿಯಾರು. ಏರಿಸಲಿ.

ಆಳುಕಾಳು: ಮುಸುವ ಬಾಣಂತಿ ಹೆತ್ತ ದಿನವೇ ಕಪ್ಪು ಮರಿಯನ್ನು ಹಿಂಡಿನ ಅಕ್ಕ, ಚಿಕ್ಕಮ್ಮಂದಿರ ಕೈಗೆ ದಾಟಿಸಿ ನಿರಾಳವಾಗಿ ಎಲೆ ಮೇಯುತ್ತಾಳೆ. ಹೊಟ್ಟೆಕಿಚ್ಚು ಪಡಬೇಡ. 1960ರ ದಶಕದ ಆರಂಭದಲ್ಲಿ ಜಪಾನಿನ ಸಂಶೋಧಕ ಯುಕಿಮಾರು ಸುಗಿಯಾಮಾ ಧಾರವಾಡದ ಸುತ್ತಲಿನ ಕಾಡಿನಲ್ಲಿ ಅವಳ ಬಾಳಿನ ಇನ್ನೊಂದು ಮುಖ ಕಂಡರು: ಹೊರಗಿನ ಗಂಡು ಬಂದು ಹಿಂಡನ್ನು ಗೆದ್ದರೆ ಮೊಲೆಗೂಸುಗಳನ್ನು ಕಚ್ಚಿ ಕೊಲ್ಲುತ್ತದೆ. ಮರಿ ಹೋದವಳು ಬೇಗ ಬೆದೆಗೆ ಬರುತ್ತಾಳೆ, ಅದೇ ಲೆಕ್ಕಾಚಾರ.

ಹಾಲು ಬಿಡಿಸುವುದು: ಆರೇಳು ತಿಂಗಳ ಹೊತ್ತಿಗೆ ಎದೆಗೆ ತೋಳು ಅಡ್ಡ ಇಡು. ಮರಿ ಕಿರುಚಿ, ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಕಾರಿನವರು "ಅಯ್ಯೋ ಪಾಪ" ಎಂದು ಬಾಳೆಹಣ್ಣು ಎಸೆಯುತ್ತಾರೆ. ಅದು ಬೀಳುವುದು ರಸ್ತೆಯ ನಡುವೆ, ಹಿಂದಿನಿಂದ ಬಸ್ಸು ಬರುತ್ತಿರುತ್ತದೆ. ತಿರುವು ನೋಡಿಕೊಂಡು ಇಳಿ.

ಗ್ಯಾರಂಟಿ: ಹೆಣ್ಣುಮರಿಯಾದರೆ ಕೊನೆತನಕ ನಿನ್ನ ಹಿಂಡಿನಲ್ಲೇ ಇರುತ್ತಾಳೆ, ನಿನ್ನ ಅಂತಸ್ತೂ ಅವಳಿಗೇ. ಗಂಡಾದರೆ ಬೆಳೆದ ಮೇಲೆ ಸಾಮಾನ್ಯವಾಗಿ ಬೇರೆ ಹಿಂಡಿಗೆ ಹೊರಡುತ್ತಾನೆ. ಆ ಬಗ್ಗೆ ದೂರು ಸ್ವೀಕರಿಸುವುದಿಲ್ಲ.