ಟಿಪ್ಪರಿನ ಹಿಂದ ಹೊಂಟ ಹೊಸ ಕಾರು

ಗದಗ-ಬೆಟಗೇರಿಯೊಳಗ ಹೊಸ ಕಾರು ತಗೊಂಡವ ಮೊದಲು ವೀರನಾರಾಯಣನ ಗುಡಿಗೆ ಹೋಗ್ತಾನ, ಗಾಲಿ ಕೆಳಗ ನಿಂಬಿಹಣ್ಣು ಇಡ್ತಾನ, ಮುಂದ ಮೆಣಸಿನಕಾಯಿ ಕಟ್ತಾನ. ಕೆಟ್ಟ ದೃಷ್ಟಿಗೆ ಬಂದೋಬಸ್ತ್ ಆತು. ಮುಂಡರಗಿ ರಸ್ತೆದಾಗ ಮುಂದ ಹೊಂಟ ಜಲ್ಲಿಕಲ್ಲಿನ ಟಿಪ್ಪರಿಗೆ?

ಟಪ್! ಬಾನೆಟ್ ಮ್ಯಾಲೆ ಎಳ್ಳುಕಾಳಿನಷ್ಟು ಕಲೆ. ಹೆಂಡತಿಗೆ ಕಾಣೂದಿಲ್ಲ, ಗೆಳೆಯಾರಿಗೆ ಕಾಣೂದಿಲ್ಲ. ಮಾಲಕಗ ಮಾತ್ರ ಲಕ್ಷ್ಮೇಶ್ವರದಿಂದನೂ ಕಾಣ್ತದ. ಕಾರಿನ ಬಣ್ಣದ ಪದರೆಲ್ಲ ಕೂಡಿದ್ರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಅಂದ್ರ ಎರಡು ಕೂದಲೆಳೆ. ಸಿರಾಮಿಕ್ ಕೋಟಿಂಗ್ ಹೊಳಪು ಕೊಡ್ತದ, ಕಲ್ಲು ತಡಿಯೂದಿಲ್ಲ. ತಡಿಯೂದು ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್) ಅನ್ನೋ ಪಾಲಿಯುರೆಥೇನ್ ಹಾಳೆ, ಸುಮಾರು 200 ಮೈಕ್ರಾನಿಂದು. ಅದರ ರೇಟ್ ಕೇಳಿದ ಮ್ಯಾಲೆ ಕಲ್ಲೇ ಸೋವಿ ಅನಸ್ತದ.

ಪೆಟ್ಟು ತಗಡಿನ ತನಕ ಇಳಿದಿದ್ರ ತುಕ್ಕು ಹಿಡೀತದ. ಟಚ್‌ಅಪ್ ಬಣ್ಣ ಹಚ್ಚಿಬಿಡಬೇಕು.

"ಟಿಪ್ಪರಿನಿಂದ ದೂರ ಇರು ತಮ್ಮಾ, ಪುಕ್ಕಟ್ಟೆ ಉಪಾಯ," ಅಂದ್ರು ಶಿರಹಟ್ಟಿಯ ಪೇಂಟರ್ ಕಾಕಾ. ಖರೇನ. ಆದ್ರ ಅಂತರ ಬಿಟ್ಟಕೂಡ್ಲೆ ನಡುವ ಒಂದು ಟಂಟಂ ತೂರ್ತದ. ಅದರ ಹಿಂದ ಇಬ್ಬರು ಜೋತುಬಿದ್ದಿರ್ತಾರ. ಅವರಿಗೆ ಯಾವ ಫಿಲ್ಮ್ ಅಂಟಸೂದು?