ಅಡ್ಮಿನ್ ಲಕ್ಷಣ

ಡೆಬಿಯನ್ ಸರ್ವರ್ ನೋಡಿಕೊಳ್ಳುವ ಅಡ್ಮಿನ್ ಸಾಮಾನ್ಯವಾಗಿ ಕಚೇರಿಗೊಬ್ಬನಂತೆ ಸಿಗುತ್ತಾನೆ. ಮಿಕ್ಕವರ ಕೆಲಸ ಮಾಡಿದರೆ ಕಾಣುತ್ತದೆ. ಇವನ ಕೆಲಸ ಕೆಟ್ಟರೆ ಮಾತ್ರ ಕಾಣುತ್ತದೆ. ಅಪ್‌ಡೇಟ್ ಸುಸೂತ್ರವಾಗಿ ನಡೆದರೆ ಯಾರಿಗೂ ಸುಳಿವಿರುವುದಿಲ್ಲ. ಎಡವಟ್ಟಾದರೆ ಅಕೌಂಟ್ಸ್ ವಿಭಾಗದಿಂದ ಹಿಡಿದು ಗೇಟಿನ ಸೆಕ್ಯೂರಿಟಿಯವರೆಗೆ ಎಲ್ಲರೂ ‘ಏನ್ ಸಾರ್, ಸರ್ವರ್ ಡೌನಂತೆ?’ ಎಂದು ಕೇಳುತ್ತಾರೆ. ಅಡ್ಮಿನ್ನನ ಸಕಲ ಗುಣಾವಗುಣಗಳೂ ಈ ಒಂದು ಅನ್ಯಾಯದಿಂದಲೇ ಹುಟ್ಟಿದವು.

ಅವನು ಡೆಬಿಯನ್ನನ್ನೇ ನೆಚ್ಚಿಕೊಳ್ಳುವುದಕ್ಕೂ ಇದೇ ಕಾರಣ. 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ ಈ ಲಿನಕ್ಸ್ ವಿತರಣೆಯ ‘ಸ್ಟೇಬಲ್’ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬಂದ ಮೇಲೆ ಅದರ ಬಹುಪಾಲು ಪ್ಯಾಕೇಜುಗಳಿಗೆ ಹೊಸ ಸೌಲಭ್ಯ ಸೇರಿಸುವ ಪದ್ಧತಿ ಇಲ್ಲ. ಭದ್ರತೆಯಲ್ಲಿ ತೂತು ಕಂಡರೆ ತೇಪೆಯನ್ನಷ್ಟೇ ಹಳೆಯ ಆವೃತ್ತಿಗೆ ಹಾಕುತ್ತಾರೆ. ಹಾಗಾಗಿ ರೋಗ ವಾಸಿಯಾಗಿದ್ದರೂ ಆವೃತ್ತಿಯ ಸಂಖ್ಯೆ ಹಳೆಯದೇ ಇರುತ್ತದೆ. ವರ್ಷಕ್ಕೊಮ್ಮೆ ಬರುವ ಆಡಿಟರ್ ಸ್ಕ್ಯಾನರ್ ಓಡಿಸಿ, ಸಂಖ್ಯೆ ನೋಡಿ ಹೌಹಾರಿ, ಕೆಂಪು ಅಕ್ಷರದ ವರದಿ ಮುಂದಿಡುತ್ತಾನೆ. ಅಡ್ಮಿನ್ ಮನಸಾರೆ ನಗುವ ದಿನ ಅದು. ಚೇಂಜ್‌ಲಾಗ್ ತೆರೆದು, ತೇಪೆ ಹಾಕಿದ ಸಾಲಿನ ಮೇಲೆ ಬೆರಳಿಟ್ಟು, ‘ಓದಿ ಸಾರ್’ ಎನ್ನುತ್ತಾನೆ. ಆ ತೇಪೆ ಈ ಸರ್ವರಿಗೂ ಬಂದಿದೆಯೇ ಎಂದು ಆಡಿಟರ್ ಕೇಳುವಷ್ಟರಲ್ಲಿ ಕಾಫಿ ಬಂದಿರುತ್ತದೆ.

ಈ ಜಾತಿಯಲ್ಲಿ ಮೂರು ಪಂಗಡ. ಮೊದಲನೆಯವನು ಸಾಹಸಿ. ಡೆಬಿಯನ್ ಆವೃತ್ತಿಗಳಿಗೆಲ್ಲ ‘ಟಾಯ್ ಸ್ಟೋರಿ’ ಚಿತ್ರದ ಪಾತ್ರಗಳ ಹೆಸರು. ದಿನಾ ಬದಲಾಗುವ ಅಸ್ಥಿರ ಶಾಖೆಯ ಹೆಸರು ಮಾತ್ರ ಯಾವಾಗಲೂ ಸಿಡ್. ಚಿತ್ರದಲ್ಲಿ ಸಿಡ್ ಎಂಬವನು ಆಟಿಕೆಗಳನ್ನು ಮುರಿದು ಹಾಕುವ ಪಕ್ಕದ ಮನೆಯ ಹುಡುಗ. ಹೆಸರಿನಲ್ಲೇ ಇಷ್ಟು ಎಚ್ಚರಿಕೆ ಇದ್ದರೂ ಸಾಹಸಿ ಅದನ್ನೇ ಹಾಕಿಕೊಳ್ಳುತ್ತಾನೆ. ಎರಡನೆಯವನು ನಂಬಿಕಸ್ಥ: ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಎಂಬ ಪ್ಯಾಕೇಜಿಗೆ ಭದ್ರತೆಯ ತೇಪೆಗಳ ಭಾರ ಒಪ್ಪಿಸಿ ನಿದ್ದೆ ಮಾಡುತ್ತಾನೆ. ಮೂರನೆಯವನು ತಡೆಯಾಜ್ಞೆಯವನು. ಒಮ್ಮೆ ತೊಂದರೆ ಕೊಟ್ಟ ಪ್ಯಾಕೇಜನ್ನು ‘ಹೋಲ್ಡ್’ಗೆ ಹಾಕಿಬಿಡುತ್ತಾನೆ, ಆಮೇಲೆ ಸಾಧಾರಣ ಅಪ್‌ಗ್ರೇಡ್ ಅದನ್ನು ಮುಟ್ಟುವುದಿಲ್ಲ. ಸಂಖ್ಯೆಯಲ್ಲಿ ಹೆಚ್ಚಿರುವುದು ಈ ಪಂಗಡವೇ ಆದ್ದರಿಂದ ಮುಂದಿನ ವಿವರಣೆ ಅವನನ್ನು ಕುರಿತದ್ದು.

ಬೆಳಿಗ್ಗೆ ಬಂದವನೇ ಅವನು ‘ಆಪ್ಟ್ ಅಪ್‌ಡೇಟ್’ ಎಂದು ಟೈಪ್ ಮಾಡುತ್ತಾನೆ. ಈ ಆದೇಶ ಏನನ್ನೂ ಬದಲಿಸುವುದಿಲ್ಲ. ಯಾವ ಪ್ಯಾಕೇಜುಗಳಿಗೆ ಹೊಸದು ಬಂದಿದೆ ಎಂಬ ಪಟ್ಟಿಯನ್ನು ತರುತ್ತದೆ, ಅಷ್ಟೆ. ನಿಜವಾಗಿ ಹೊಸದನ್ನು ಹಾಕಲು ‘ಆಪ್ಟ್ ಅಪ್‌ಗ್ರೇಡ್’ ಎಂಬ ಎರಡನೇ ಆದೇಶ ಬೇಕು. ಕರೆಂಟ್ ಬಿಲ್ ನೋಡಿ ಫ್ರಿಜ್ಜಿನ ಮೇಲಿಟ್ಟರೆ ಅರ್ಧ ಕಟ್ಟಿದಂತೆ ಎಂದು ಸಮಾಧಾನಪಡುವ ಗೃಹಸ್ಥನ ಹಾಗೆ, ಅವನು ಪಟ್ಟಿ ಓದಿ, ತಲೆದೂಗಿ, ಕಿಟಕಿ ಮುಚ್ಚುತ್ತಾನೆ. ಪಟ್ಟಿ ದಿನದಿನಕ್ಕೂ ಬೆಳೆಯುತ್ತದೆ. ಬೆಳೆದಷ್ಟೂ ಭಯ, ಭಯಪಟ್ಟಷ್ಟೂ ಮುಂದೂಡಿಕೆ, ಮುಂದೂಡಿದಷ್ಟೂ ಪಟ್ಟಿ.

ಎರಡನೇ ಆದೇಶಕ್ಕೆ ಮುಹೂರ್ತ ನೋಡಬೇಕು. ಸೋಮವಾರ ಎಲ್ಲರೂ ಲಾಗಿನ್ ಆಗುವ ದಿನ. 20ನೇ ತಾರೀಖಿನ ಹತ್ತಿರ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರ ಗಡಿಬಿಡಿ. ತಿಂಗಳ ಕೊನೆಯಲ್ಲಿ ಸಂಬಳ, ಮಾರ್ಚಿನಲ್ಲಿ ವರ್ಷದ ಲೆಕ್ಕ. ಶುಕ್ರವಾರ ಸರ್ವರ್ ಮುಟ್ಟಬಾರದು ಎಂಬುದು ಜಗತ್ತಿನ ಅಡ್ಮಿನ್ನರೆಲ್ಲ ಒಪ್ಪಿರುವ ಶಾಸ್ತ್ರ. ಬೆಂಗಳೂರಿನವನಿಗೆ ಅಂದು ಬೆಳಿಗ್ಗೆ 10.30ರಿಂದ ರಾಹುಕಾಲ ಎಂಬ ಹೆಚ್ಚುವರಿ ಆಧಾರವೂ ಉಂಟು. ಕಚೇರಿ ಖಾಲಿ ಇರುವ ದಿನವೆಂದರೆ ಆಯುಧಪೂಜೆ. ಆದರೆ ಅಂದು ರ‍್ಯಾಕಿಗೆ ಕುಂಕುಮ ಹಚ್ಚಿ, ಎಸಳು ಫ್ಯಾನಿಗೆ ಸಿಗದಂತೆ ಹೂವಿನ ಹಾರ ಕಟ್ಟಿರುತ್ತಾರೆ. ಪೂಜೆಗಿಟ್ಟ ಆಯುಧವನ್ನು ಬಳಸುವಂತಿಲ್ಲ.

ಹೀಗೆ ಕಳೆದು ಉಳಿಯುವುದು ಯಾವುದೋ ಒಂದು ಭಾನುವಾರದ ರಾತ್ರಿ. ಬ್ಯಾಕಪ್ ತೆಗೆದು, ಅದು ನಿಜಕ್ಕೂ ಇದೆಯೇ ಎಂದು ಎರಡು ಸಲ ನೋಡಿ, ಆದೇಶ ಕೊಡುತ್ತಾನೆ. ಕೆಲವೊಮ್ಮೆ ಮೊದಲ ಉತ್ತರವೇ ‘ಲಾಕ್ ಸಿಗಲಿಲ್ಲ’ ಎಂದು ಬರುತ್ತದೆ. ಬೇರೆ ಯಾವುದೋ ಪ್ರಕ್ರಿಯೆ ಪ್ಯಾಕೇಜುಗಳ ದಾಖಲೆಯನ್ನು ಹಿಡಿದುಕೊಂಡಿದೆ ಎಂದು ಅರ್ಥ. ಎಳಸು ಅಡ್ಮಿನ್ ಲಾಕ್ ಫೈಲನ್ನೇ ಅಳಿಸುತ್ತಾನೆ. ಪಳಗಿದವನು ಕಾಯುತ್ತಾನೆ, ಬೇಸರವಾದರೆ ‘ಆಪ್ಟ್-ಗೆಟ್ ಮೂ’ ಎಂದು ಟೈಪ್ ಮಾಡುತ್ತಾನೆ. ಪರದೆಯ ಮೇಲೆ ಅಕ್ಷರಗಳಿಂದ ಬಿಡಿಸಿದ ಹಸುವೊಂದು ಬಂದು, ಈ ದಿನ ಅಂಬಾ ಎಂದೆಯಾ ಎಂದು ವಿಚಾರಿಸುತ್ತದೆ. ಆ ಹೊತ್ತಿನಲ್ಲಿ ಅವನನ್ನು ವಿಚಾರಿಸಿಕೊಳ್ಳುವ ಜೀವ ಅದೊಂದೇ.

ನಡುವೆ ಒಂದು ಪ್ರಶ್ನೆ ಬಂದು ಎಲ್ಲವೂ ನಿಲ್ಲುತ್ತದೆ: ನೀವು ತಿದ್ದಿದ ಸಂರಚನಾ ಫೈಲಿಗೆ ಹೊಸದು ಬಂದಿದೆ, ಹೊಸದನ್ನು ಹಾಕಲೇ, ಹಳೆಯದನ್ನೇ ಉಳಿಸಲೇ? ವ್ಯತ್ಯಾಸ ನೋಡಲು ‘ಡಿ’ ಒತ್ತಿದರೆ ಎರಡೂ ಫೈಲುಗಳ ಅಂತರ ತೆರೆದುಕೊಳ್ಳುತ್ತದೆ. ಅಲ್ಲಿ ಅವನೇ ಹಿಂದೆಂದೋ ಸೇರಿಸಿದ ಸಾಲು, ಮೇಲೆ ಅವನದೇ ಷರಾ: ‘ತಾತ್ಕಾಲಿಕ, ಸೋಮವಾರ ತೆಗೆಯುವುದು’. ಅದು ಯಾಕಿದೆ ಎಂದು ನೆನಪಿಲ್ಲ. ತೆಗೆದರೆ ಏನು ನಿಲ್ಲುತ್ತದೋ ಗೊತ್ತಿಲ್ಲ. ಸುಮ್ಮನೆ ಎಂಟರ್ ಒತ್ತುತ್ತಾನೆ. ಡೆಬಿಯನ್ನಿನ ನಿರ್ಮಾತೃಗಳು ಈ ಜನವನ್ನು ಬಲ್ಲವರು. ಏನೂ ಆರಿಸದೆ ಎಂಟರ್ ಒತ್ತಿದರೆ ಹಳೆಯದೇ ಉಳಿಯುತ್ತದೆ.

ಕೊನೆಗೆ ಕರ್ನಲ್. ಹೊಸ ಕರ್ನಲ್ ಡಿಸ್ಕಿನಲ್ಲಿ ಕುಳಿತರೂ ರೀಬೂಟ್ ಆಗುವವರೆಗೆ ಓಡುವುದು ಹಳೆಯದೇ. ಆದರೆ ರೀಬೂಟ್ ಮಾಡಿದರೆ ‘ಅಪ್‌ಟೈಮ್’ ಸೊನ್ನೆಗೆ ಇಳಿಯುತ್ತದೆ. ವರ್ಷಗಟ್ಟಲೆ ಸರ್ವರ್ ನಿಂತಿಲ್ಲ ಎಂದು ಊಟದ ಹೊತ್ತಿನಲ್ಲಿ ಹೇಳಿಕೊಳ್ಳುವ ಭಾಗ್ಯ ಒಂದು ಕೀಲಿಯಲ್ಲಿ ಕರಗುತ್ತದೆ. ಅಷ್ಟೂ ದಿನ ಕರ್ನಲ್ ತೇಪೆ ಕಂಡಿಲ್ಲ ಎಂಬುದೂ ಅದೇ ಹೆಗ್ಗಳಿಕೆಯ ಇನ್ನೊಂದು ಮುಖವೆಂದು ಅವನು ಹೇಳುವುದಿಲ್ಲ, ಕೇಳುವವರಿಗೆ ಹೊಳೆಯುವುದಿಲ್ಲ.

ಮುಂದೂಡಿಕೆಗೆ ಅವನಲ್ಲಿ ಪ್ರಮಾಣಗಳಿವೆ. 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ತೂತು ಬಯಲಾದಾಗ ಓಪನ್‌ಎಸ್‌ಎಸ್‌ಎಲ್‌ನ 1.0.1 ಸರಣಿಯವರು ಬೆವತರು, 0.9.8ರಲ್ಲೇ ಉಳಿದ ಸ್ಕ್ವೀಝ್ ಎಂಬ ಹಳೆಯ ಡೆಬಿಯನ್ ಆವೃತ್ತಿಯ ಸರ್ವರುಗಳಿಗೆ ಏನೂ ಆಗಲಿಲ್ಲ. 2024ರ ಮಾರ್ಚಿನಲ್ಲಿ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿ ಎಕ್ಸ್‌ಝಡ್ ಪ್ಯಾಕೇಜಿನ ಕಳ್ಳಬಾಗಿಲನ್ನು ಕಂಡುಹಿಡಿದ. ಅದು ಸಿಡ್‌ವರೆಗೆ ಬಂದಿತ್ತು, ಸ್ಟೇಬಲ್‌ಗೆ ಬಂದಿರಲಿಲ್ಲ. ಈ ಎರಡು ಕಥೆಗಳನ್ನು ಅವನು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಾನೆ. 2017ರ ಈಕ್ವಿಫ್ಯಾಕ್ಸ್ ಕಂಪನಿಯ ಕಥೆ ಹೇಳುವುದಿಲ್ಲ. ಮಾರ್ಚಿನಲ್ಲೇ ಬಂದಿದ್ದ ಅಪಾಚೆ ಸ್ಟ್ರಟ್ಸ್ ತೇಪೆಯನ್ನು ಅಲ್ಲಿ ಹಾಕದೆ ಬಿಟ್ಟಿದ್ದರಿಂದ ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಹೋಯಿತು.

2025ರ ಆಗಸ್ಟಿನಲ್ಲಿ ಡೆಬಿಯನ್ 13, ಅಂದರೆ ಟ್ರಿಕ್ಸಿ, ಬಂದಾಗ ಅವನು ‘13.1 ಬರಲಿ’ ಎಂದ. ಮರು ತಿಂಗಳೇ 13.1 ಬಂತು. ಅದರ ಮೇಲೆ ಜನ ಏನೆನ್ನುತ್ತಾರೋ ನೋಡೋಣ ಎಂದ.

ಈ ಸ್ವಭಾವ ಬರುವುದು ರಕ್ತದಿಂದಲ್ಲ, ಚಾರ್ಜ್ ವಹಿಸಿಕೊಡುವಾಗ. ಅಡ್ಮಿನ್ ಕೆಲಸ ಬಿಟ್ಟು ಹೋಗುವ ದಿನ ಪಾಸ್‌ವರ್ಡುಗಳನ್ನು ಕೊಡುತ್ತಾನೆ, ಕಾರಣಗಳನ್ನು ಕೊಡುವುದಿಲ್ಲ. ಹೊಸಬ ಉತ್ಸಾಹದಿಂದ ಪಟ್ಟಿ ತೆಗೆದರೆ ಒಂದು ಪ್ಯಾಕೇಜು ಹೋಲ್ಡಿನಲ್ಲಿರುತ್ತದೆ. ಫೋನ್ ಮಾಡಿ ಕೇಳಿದರೆ ಹಳಬ ತುಸು ಯೋಚಿಸಿ, ‘ನೆನಪಿಲ್ಲ, ಮುಟ್ಟಬೇಡಿ’ ಎನ್ನುತ್ತಾನೆ. ಹೊಸಬ ಮುಟ್ಟುವುದಿಲ್ಲ. ಅಂದಿನಿಂದ ಅವನನ್ನೂ ಇದೇ ಪಂಗಡಕ್ಕೆ ಸೇರಿಸಬಹುದು.